ಟೈಲರ್ ಮಾಮನ ಮೀನೂಟ

ಜಗತ್ತಿನಲ್ಲಿರುವ ಭಯಗಳನ್ನೆಲ್ಲ ತಮ್ಮ ಮೈಯಳತೆಗೇ ಹೊಲಿದುಕೊಂಡವರು ನಮ್ಮ ಟೈಲರ್ ಮಾಮ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನದಿಂದ ಅನ್ನದ ಪಾತ್ರೆ ಕಂಡರೆ ಸಾಕು, ಹಾವು ಕಂಡವರಂತೆ ಹಿಂದೆ ಸರಿಯುತ್ತಾರೆ. ರಾತ್ರಿಯೂಟಕ್ಕೆ ಓವನ್ನಿನಲ್ಲಿ ಸುಟ್ಟ ಮೀನು, ಜೊತೆಗೊಂದಿಷ್ಟು ಬೀನ್ಸು, ಅಷ್ಟೇ. ಅಂಗಡಿಯ ಬಾಗಿಲೆಳೆದು ಬಂದವರೇ ಮೀನಿನ ತುಂಡುಗಳನ್ನು ಹರಡಿಕೊಂಡು ಕೂರುತ್ತಾರೆ. ಬಟ್ಟೆಯಿಂದ ಗುಂಡುಪಿನ್ನು ಕೀಳುವಂತೆ ಮುಳ್ಳುಗಳನ್ನು ತಡಕಿ ತಡಕಿ ಕಿತ್ತು, "ಇನ್ನೊಂದು ಉಳ್ಕೊಂಡಿದ್ರೆ ಏನ್ ಗತಿ ಕಣೇ?" ಎನ್ನುತ್ತಾರೆ. "ಇಷ್ಟು ಹೆದರೋರಿಗೆ ಮೀನ್ಯಾಕೆ? ಗಾಳಿ ಕುಡ್ಕೊಂಡಿರಿ" ಎಂದು ಹೆಂಡತಿ ಛೇಡಿಸುತ್ತಾಳೆ. ಉಪ್ಪು, ಮೆಣಸು, ನಿಂಬೆರಸ ಸವರಿ ಒಳಗಿಟ್ಟರೆ ಗಳಿಗೆಯಲ್ಲಿ ಆಗುವ ಅಡುಗೆ. ಆ ಗಳಿಗೆಯಲ್ಲೇ ಮಾಮ, ಬೇಯಲಿಲ್ಲವೆಂದೊಮ್ಮೆ, ಸೀದುಹೋಯಿತೆಂದೊಮ್ಮೆ, ನೂರು ಸಲ ಸಾಯುತ್ತಾರೆ. ಇಂಥವರು ಟ್ರೇಯನ್ನು ಹೊರಗೆಳೆದ ಮೇಲೆ ಮಾತ್ರ, ಕೈಬಟ್ಟೆಯನ್ನು ಪಕ್ಕಕ್ಕಿಟ್ಟು, ಅದರ ಕಾದ ಅಂಚಿಗೆ ಬೇಕೆಂದೇ ಬೆರಳ ತುದಿ ತಾಗಿಸುತ್ತಾರೆ. ಹೋದ ತಿಂಗಳು ಸೂಜಿ ಬೆರಳಿಗೆ ಚುಚ್ಚಿದ್ದು ಅವರಿಗೆ ತಿಳಿದದ್ದೇ ಗಿರಾಕಿಯ ಬಿಳಿ ಅಂಗಿಯ ಮೇಲೆ ರಕ್ತದ ಕಲೆ ಕಂಡಾಗ. ಸಕ್ಕರೆ ಕಾಯಿಲೆ ಬೆರಳಿನ ಸ್ಪರ್ಶವನ್ನೂ ತಿಂದುಬಿಟ್ಟಿತೇನೋ ಎಂಬ ಭಯಕ್ಕೆ ಅಂದಿನಿಂದ ದಿನವೂ ಈ ಪರೀಕ್ಷೆ. ಆ ಹೊತ್ತಿಗೆ ಹೆಂಡತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, "ಸುಡ್ತಾ?" ಎಂದು ಮೆಲ್ಲಗೆ ಕೇಳುತ್ತಾಳೆ. "ಸುಡ್ತು ಕಣೇ, ಚುರ್ ಅಂತು!" ಎಂದು ಮಾಮ ಬೆರಳನ್ನು ಬಾಯಿಗಿಟ್ಟುಕೊಂಡು, ಗೆದ್ದು ಬಂದವರಂತೆ ನಗುತ್ತಾರೆ. ನಿನ್ನೆಯೂ ನಗುತ್ತಲೇ ಹಾಗೆಂದರು. ಬೆರಳು ಮಾತ್ರ ಇನ್ನೂ ಟ್ರೇಯ ಮೇಲೇ ಇತ್ತು.