‘ಟೇಪರ್’ ಅಂದರೆ ನಿಲ್ಲಿಸುವುದಲ್ಲ

ಬೆಳಗಿನ ಆರೂಕಾಲು. ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನ ಬಾಗಿಲು ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಐವತ್ತೆರಡರ ಹೆಂಗಸೊಬ್ಬರು ಮಾತ್ರೆಯ ಹಾಳೆಗಳನ್ನು ಕತ್ತರಿಸಿ ಕಾಗದದ ಕವರಿಗೆ ತುಂಬುತ್ತಿದ್ದಾರೆ. ಸಂಜೆಯೊಳಗೆ ಇಂಥ ಆರುನೂರು ಕವರು ಅವರ ಕೈದಾಟಬೇಕು. ಎಲ್ಲರ ಬಾಯಲ್ಲೂ ಅವರು ‘ಮಾತ್ರೆಯಕ್ಕ’.

ಓದಿದ್ದು ಹತ್ತನೇ ತರಗತಿ. ಇಪ್ಪತ್ತಮೂರು ವರ್ಷ ದುಡಿದರೂ ನೌಕರಿ ಇನ್ನೂ ಹಂಗಾಮಿ. ನಿಂತು ನಿಂತು ಕಾಲಿನ ನರಗಳು ಗಂಟುಕಟ್ಟಿವೆ. ಆದರೆ ಅವರನ್ನು ಕೆರಳಿಸುವುದು ಇದಾವುದೂ ಅಲ್ಲ, ಒಂದು ಇಂಗ್ಲಿಷ್ ಪದ: ಟೇಪರ್.

ಕೆಲವು ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದ ಮೇಲೆ ಥಟ್ಟನೆ ಬಿಡುವಂತಿಲ್ಲ. ನಾಲ್ಕು, ಮೂರು, ಎರಡು, ಒಂದು ಎಂದು ಹಂತಹಂತವಾಗಿ ಇಳಿಸಬೇಕು. ಅಷ್ಟನ್ನೂ ಆ ಒಂದು ಪದದಲ್ಲಿ ಗೀಚಿ ಡಾಕ್ಟರು ಕೈತೊಳೆದುಕೊಳ್ಳುತ್ತಾರೆ. “ಟೇಪರ್ ಮಾತ್ರೆ ಸ್ಟಾಕ್ ಇದ್ಯಾ ಅಂತ ಕೇಳ್ತಾರೆ ಪಾಪ. ಮೊದಲು ನಗು ಬರುತ್ತೆ, ಆಮೇಲೆ ಹೊಟ್ಟೆ ಉರಿಯುತ್ತೆ,” ಎನ್ನುತ್ತಾರೆ ಮಾತ್ರೆಯಕ್ಕ.

ಕಳೆದ ವರ್ಷ ಉಬ್ಬಸವಿದ್ದ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಅಂಥ ಚೀಟಿ ಹಿಡಿದು ಮನೆಗೆ ಹೋದಳು. ಮಗಳು ಫೋನಿನಲ್ಲಿ ಅರ್ಥ ಹುಡುಕಿದರೆ ‘ಮೊನಚಾಗಿಸು’ ಎಂದು ಬಂತು. ಮೊನಚು ಅಂದರೆ ಸೂಜಿಯೇ ಇರಬೇಕು, ಇನ್ನು ಇಂಜೆಕ್ಷನ್ನು ಎಂದುಕೊಂಡು ಅಮ್ಮ ಮಾತ್ರೆ ಬಿಟ್ಟೇಬಿಟ್ಟಳು. ಮೂರನೇ ದಿನ ಇಸ್ತ್ರಿ ಮೇಜಿನ ಮೇಲೇ ಕುಸಿದಳು. ಒಂಬತ್ತು ದಿನ ವಾರ್ಡಿನಲ್ಲಿದ್ದು ಬದುಕಿಕೊಂಡಳು. ಕೇಸ್ ಶೀಟಿನಲ್ಲಿ ಬರೆದದ್ದೇನು ಗೊತ್ತೇ? ‘ರೋಗಿಯ ನಿರ್ಲಕ್ಷ್ಯ.’

“ನಿರ್ಲಕ್ಷ್ಯ ಯಾರದ್ದು? ಅವಳಿಗೆ ಅರ್ಥ ಆಗೋ ಹಾಗೆ ಒಂದು ಸಾಲು ಬರೆದಿದ್ರೆ ಇವರ ಗಂಟೇನು ಹೋಗ್ತಿತ್ತು?” ಮಾತ್ರೆಯಕ್ಕನ ಕತ್ತರಿ ನಿಂತುಬಿಡುತ್ತದೆ.

ಅಂದಿನಿಂದ ಅಂಥ ಚೀಟಿ ಬಂದರೆ ಅವರು ಲೆಕ್ಕವನ್ನು ಡಾಕ್ಟರ ಬಳಿಯೇ ಕೇಳಿಕೊಂಡು ಬಂದು, ಕವರಿನ ಮೇಲೆ ವಾರಕ್ಕೊಂದು ಸಾಲು ಚುಕ್ಕಿ ಇಡತೊಡಗಿದರು: ದಿನಕ್ಕೆ ಎಷ್ಟು ಮಾತ್ರೆಯೋ ಅಷ್ಟು ಚುಕ್ಕಿ. ಕೆಳಗೆ, ‘ಮೆಟ್ಟಿಲು ಇಳಿದ ಹಾಗೆ ಇಳಿಸಿ. ಧುಮುಕಬೇಡಿ.’ ಎರಡೇ ತಿಂಗಳಿಗೆ ಮೇಲಧಿಕಾರಿಯ ಮೆಮೊ ಬಂತು: ಕವರಿನ ಮೇಲೆ ಸಿಬ್ಬಂದಿ ಏನನ್ನೂ ಬರೆಯಕೂಡದು.

ಮೆಮೊ ಹಿಡಿದು ಮಾತ್ರೆಯಕ್ಕ ಅಧಿಕಾರಿಯ ಕೋಣೆಗೇ ಹೋದರು. “ಸಾರ್, ನಾನು ಬರೆದಿದ್ರಲ್ಲಿ ತಪ್ಪಿದ್ರೆ ತೋರಿಸಿ.”

“ತಪ್ಪು ಅಂತಲ್ಲಮ್ಮ, ಅದು ನಿಮ್ಮ ಕೆಲಸ ಅಲ್ಲ.”

“ಹಾಗಾದ್ರೆ ಯಾರ ಕೆಲಸ ಸಾರ್?”

ಬರೆಯುವುದಕ್ಕೆ ತಾನೇ ಅಡ್ಡಿ? ಈಗ ಬಾಯಲ್ಲೇ ಹೇಳುತ್ತಾರೆ, ರೋಗಿಯ ಬಾಯಿಂದ ತಿರುಗಿ ಹೇಳಿಸುತ್ತಾರೆ. ಹಿಂದೆ ನಿಂತವರ ಸಾಲು ಗೊಣಗುತ್ತದೆ, ಊಟದ ಅರ್ಧ ಗಂಟೆ ಹತ್ತು ನಿಮಿಷಕ್ಕಿಳಿದಿದೆ.

“ಶಾಲು ಹಾರ ನನಗೆ ಬೇಡಪ್ಪ. ಆ ಪದದ ಪಕ್ಕ ಜನರ ಭಾಷೇಲಿ ಒಂದು ಸಾಲು ಬರೀಲಿ, ಅಷ್ಟೇ,” ಎನ್ನುತ್ತಾ ಮುಂದಿನ ಚೀಟಿಗೆ ಕೈಚಾಚುತ್ತಾರೆ. “ಅಲ್ಲೀತನಕ ನಾನಿದ್ದೀನಿ. ಈ ಕಿಟಕಿಯಿಂದ ಅರ್ಥ ಆಗದೆ ಯಾರೂ ಮನೆಗೆ ಹೋಗಲ್ಲ.”