ದಾಸಯ್ಯ ಹೊಸೆದ ಫ್ಯೂಸು ತಂತಿ

ಬ್ಯಾಟ್ರಿ ದಾಸಯ್ಯನ ಕಸುಬು ಯಾವುದೆಂದು ಅವನ ಅಂಗಿ ನೋಡಿದರೇ ಗೊತ್ತಾಗುತ್ತಿತ್ತು. ಆಸಿಡ್ಡು ಸಿಡಿದು ಹೊಟ್ಟೆ ಮೇಲೆಲ್ಲ ತೂತು. "ಇದೇನು ಅಂಗಿಯೋ, ಜರಡಿಯೋ" ಎಂದು ಹೆಂಡತಿ ಕುಳ್ಳಮ್ಮ ಒಗೆಯುವಾಗಲೆಲ್ಲ ಗೊಣಗುವಳು. ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ಹತ್ತು ವರ್ಷ ಟ್ರಾಕ್ಟರು ಬ್ಯಾಟ್ರಿಗಳಿಗೆ ಚಾರ್ಜು ಹಾಕಿ ಪಳಗಿದ ಕೈ ಅವನದು. ಆಮೇಲೆ ಸ್ವಂತ ಊರು ಮಾವಿನಕೊಪ್ಪಲಿಗೇ ಬಂದು, ಅಣೆಕಟ್ಟೆಯ ಹಿನ್ನೀರಿಗೆ ಮುಖಮಾಡಿ ಒಂದು ಸಣ್ಣ ಅಂಗಡಿ ಇಟ್ಟ. ವೈರಿಂಗೂ ಅವನೇ, ಬ್ಯಾಟ್ರಿಯೂ ಅವನೇ.

ತೊಂಬತ್ತನಾಲ್ಕರಲ್ಲಿ ಮೈಸೂರಿನ ಸಾಹುಕಾರರೊಬ್ಬರು ಕೋಣೆಯಿರುವ ಮೋಟಾರು ದೋಣಿಯೊಂದನ್ನು ತಂದು ಕೊಪ್ಪಲಿನ ದಡಕ್ಕೆ ಕಟ್ಟಿಸಿದರು. ಕಬ್ಬಿಣದ ಒಡಲು, ಒಳಗೆ ಎರಡು ಮಂಚ, ಫ್ಯಾನು, ದೀಪ, ತಳಕ್ಕೆ ಜಿನುಗಿದ ನೀರನ್ನು ಎತ್ತಿ ಹಾಕಲು ಪುಟ್ಟ ಪಂಪು. ಭಾನುವಾರ ಬಂದು ಹೆಂಡತಿ ಮಕ್ಕಳ ಜೊತೆ ನೀರಿನ ಮೇಲೆ ಸುತ್ತಿ ಹೋಗುವರು. ಅದರ ಉಸ್ತುವಾರಿ ದಾಸಯ್ಯನಿಗೆ ಬಂತು. ಅಬ್ಬಾ, ಅವನು ಬೀಗುವುದನ್ನು ನೋಡಬೇಕಿತ್ತು! ನೋಡಲು ಬಂದವರಿಗೆಲ್ಲ ಪಾಠ ಶುರು.

"ಇಲ್ ನೋಡ್ಲಾ, ಎರಡು ಬ್ಯಾಟ್ರಿ ಅವೆ. ಇದು ಇಂಜಿನ್ ಎಬ್ಸಾಕೆ ಮಾತ್ರ. ಇನ್ನೊಂದು ಫ್ಯಾನು, ದೀಪ, ಪಂಪಿಗೆ. ಅಣ್ಣತಮ್ಮದೀರು ಭಾಗ ಆದಂಗೆ. ಒಬ್ಬನ ಗಂಟ ಇನ್ನೊಬ್ಬ ತಿನ್ನಂಗಿಲ್ಲ. ಎರಡನ್ನೂ ಒಂದು ಮಾಡಿದ್ರೆ ಫ್ಯಾನು ಎಲ್ಲಾನೂ ಕುಡಿದುಬುಟ್ಟು ನೀರಿನ ನಡುವೆ ಇಂಜಿನ್ನೇ ಏಳಾಕಿಲ್ಲ."

ದೋಣಿ ದಡದಲ್ಲಿ ನಿಂತಾಗ ಆ ಬ್ಯಾಟ್ರಿಗಳು ಮತ್ತೆ ತುಂಬಬೇಕು. ಅದಕ್ಕೆ ದಡದ ಕಂಬದಿಂದ ದೋಣಿಯ ಚಾರ್ಜರಿಗೆ ಒಂದು ಉದ್ದನೆ ರಬ್ಬರು ವೈರು ಎಳೆದಿದ್ದ. ಕಂಬದ ಹತ್ತಿರ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಫ್ಯೂಸು. ಫ್ಯೂಸು ಸುಟ್ಟರೆ ಎಲ್ಲೋ ಕರೆಂಟು ದಾರಿ ತಪ್ಪಿದೆ ಎಂದು ಅರ್ಥ, ಮೊದಲು ಅದನ್ನು ಹುಡುಕಬೇಕು ಎಂದು ಊರಿಗೆಲ್ಲ ಹೇಳಿಕೊಟ್ಟವನೂ ಅವನೇ. ಊರು ಕೇಳಬೇಕಲ್ಲ. ಪಂಪ್‌ಸೆಟ್ಟಿನವರು ಮೂರು ಸಲ ಫ್ಯೂಸು ಹೋದರೆ ನಾಲ್ಕನೇ ಸಲ ಹಳೇ ಮೋಟಾರಿನ ದಪ್ಪ ತಾಮ್ರದ ತಂತಿ ಸುತ್ತಿ ಕೈತೊಳೆದುಕೊಳ್ಳುತ್ತಿದ್ದರು. ದಾಸಯ್ಯ ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ.

ಆ ಶನಿವಾರ ಸಂಜೆ ಅವನ ಫ್ಯೂಸೇ ಮೂರು ಸಲ ಸುಟ್ಟಿತು. ಬೆಳಿಗ್ಗೆ ಸಾಹುಕಾರರು ಬರುವವರು. ಹೋದ ವಾರ ಫ್ಯಾನು ತಿರುಗದೆ ಅವರು ನಾಲ್ಕು ಜನರೆದುರು, "ನಿನಗೆ ಬ್ಯಾಟ್ರಿ ಗೊತ್ತೋ, ಬರೀ ಬಾಯಿ ಗೊತ್ತೋ" ಎಂದಿದ್ದರು. ಆ ಮಾತು ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು. ಕರೆಂಟು ಹೋಗುವ ಹೊತ್ತೂ ಆಗುತ್ತಾ ಬಂದಿತ್ತು. ಹಳೇ ಬ್ಯಾಟ್ರಿ, ಜಾಸ್ತಿ ಎಳೀತಾ ಅದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು, ತಾಮ್ರದ ಮೂರೆಳೆ ಹೊಸೆದು ಫ್ಯೂಸಿಗೆ ಕಟ್ಟಿಬಿಟ್ಟ. ದೋಣಿಯ ಕಿಟಕಿಯಲ್ಲಿ ಚಾರ್ಜರಿನ ಕೆಂಪು ದೀಪ ಹತ್ತಿತು. ಊರಿನವರನ್ನೆಲ್ಲ ಬೈದ ಬಾಯಿ ಸುಮ್ಮನಾಗಿ ಮನೆಗೆ ಹೋಯಿತು.

ಬೆಳಿಗ್ಗೆ ಕೂಗಾಟ ಕೇಳಿ ಓಡಿ ಬಂದಾಗ ದೋಣಿಯ ಪಕ್ಕದಲ್ಲಿ ಎಮ್ಮೆಯೊಂದು ಕಾಲು ಸೆಟೆದು ಬಿದ್ದಿತ್ತು. ಚಿಕ್ಕಬೋರಮ್ಮನ ಎಮ್ಮೆ. ಗಂಡನಿಲ್ಲದ ಆ ಮುದುಕಿ ಡೈರಿಗೆ ಹಾಲು ಹಾಕಿ, ತಾಯಿ ಸತ್ತ ಮೊಮ್ಮಗಳು ರಂಜಿತಳನ್ನು ಸಾಕುತ್ತಿದ್ದಳು. ಒಂಬತ್ತು ವರ್ಷದ ಆ ಮಗು ದಡದಲ್ಲಿ ಹಗ್ಗ ಹಿಡಿದು ನಿಂತಿತ್ತು. ಮೈ ಉಜ್ಜಿಕೊಳ್ಳಲು ದೋಣಿಗೆ ಒರಗಿದ ಎಮ್ಮೆ ಹಾಗೆಯೇ ಕುಸಿಯಿತಂತೆ.

ದಾಸಯ್ಯನ ಕಣ್ಣು ನೇರ ವೈರಿನ ಮೇಲೆ ಹೋಯಿತು. ನಾಲೆಗೆ ನೀರು ಬಿಟ್ಟು ಎಂಟು ದಿನವಾಗಿತ್ತು. ಹಿನ್ನೀರು ಇಳಿದು, ದೋಣಿಯೂ ಇಳಿದು, ಸಡಿಲವಾಗಿದ್ದ ವೈರು ಬಿಗಿದು ಕಬ್ಬಿಣದ ಅಂಚಿಗೆ ತಿಕ್ಕಿ ರಬ್ಬರು ಸವೆದಿತ್ತು. ಫ್ಯೂಸು ಮೂರು ಸಲ ಹೇಳಿದ್ದು ಇದನ್ನೇ. ಅವನು ಯಾರಿಗೂ ಕಾಣದಂತೆ ಕಂಬದ ಬಳಿ ಹೋಗಿ ಫ್ಯೂಸು ಕಿತ್ತು, ಹೊಸೆದ ತಂತಿಯನ್ನು ಜೇಬಿಗೆ ಹಾಕಿಕೊಂಡ.

"ನೀರಾವು ಕಡ್ದಿರಬೇಕು" ಎಂದರು ಯಾರೋ. ಅಷ್ಟು ಸಾಕಾಯಿತು.

"ತೊಟ್ಟೀಲಿ ನೀರು ಕುಡ್ಸು ಅಂತ ಯೋಳ್ನಿಲ್ವೇನೇ? ಆಟಕ್ಕೆ ಇಲ್ಲಿಗೆ ಹೊಡ್ಕಂಡ್ ಬಂದ್ಯಲ್ಲೇ ಪಾಪಿ, ಅನ್ನದ ತಟ್ಟೆಗೆ ಮಣ್ಣಾಕ್ಬುಟ್ಯಲ್ಲೇ!" ಚಿಕ್ಕಬೋರಮ್ಮ ಅದೇ ಹಗ್ಗದಿಂದ ಮಗುವಿಗೆ ಬಾರಿಸಿದಳು. ಜನ ಬಿಡಿಸಿಕೊಂಡರು. ದಾಸಯ್ಯ ಜೇಬಿನೊಳಗೆ ಕೈಯಿಟ್ಟು ನಿಂತಿದ್ದ. ಬಾಯಿ ಬಿಡಲಿಲ್ಲ. ಬಿಟ್ಟರೆ ದೋಣಿಯ ಕೆಲಸ ಹೋಗುತ್ತದೆ, ಇಷ್ಟು ವರ್ಷ ಗಳಿಸಿದ ಹೆಸರು ಹೋಗುತ್ತದೆ. ವೈರು ಬದಲಾಯಿಸಿದರೆ ಆಯಿತಲ್ಲ, ಸತ್ತದ್ದು ಎದ್ದು ಬರುತ್ತದೆಯೇ ಎಂದುಕೊಂಡ. ಅಂದೇ, ಸಾಹುಕಾರರು ಬರುವುದರೊಳಗೆ, ವೈರು ಬದಲಾಯಿಸಿದ. ತೆಳ್ಳನೆ ಫ್ಯೂಸು ಹಾಕಿದ. ಥೂ, ಎಂಥ ಬಾಳು ಅದು!

ಮೂರು ದಿನ ಹೋಯಿತು. ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಕುಳ್ಳಮ್ಮ ಹೇಳಿದಳು: "ಆ ರಂಜಿತ ಹುಲ್ಲಿನ ಮೆದೆ ಹಿಂದುಗಡೆ ಸೇರ್ಕಂಡದೆ. ಸ್ಕೂಲಿಗೂ ಹೋಗಾಕಿಲ್ಲ, ಉಣ್ಣಾಕೂ ಇಲ್ಲ. ಮೊಸರನ್ನ ತಕ್ಕೊಂಡೋದ್ರೆ, 'ಎಮ್ಮೆ ಕೊಂದೋರು ಮೊಸರು ತಿನ್ಬೌದಾ ಅತ್ತೆ' ಅಂತ ಕೇಳ್ತು. ನನ್ ಕರುಳು ಕಿತ್ತು ಬಂದಂಗಾಯ್ತು."

ದಾಸಯ್ಯ ಮುರಿದ ಮುದ್ದೆಯನ್ನು ಬಾಯಿಗಿಡದೆ ಕೆಳಗಿಟ್ಟ. ತಟ್ಟೆಯಲ್ಲೇ ಕೈ ತೊಳೆದ.

ಆ ಸಂಜೆ ಡೈರಿಯ ಮುಂದೆ ಊರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಂತಿತ್ತು. ಚಿಕ್ಕಬೋರಮ್ಮ ಖಾಲಿ ಕೈಯಲ್ಲಿ ಜಗಲಿಯ ಮೇಲೆ ಕೂತಿದ್ದಳು. ಹದಿನೈದು ವರ್ಷದ ಅಭ್ಯಾಸ, ಹಾಲಿಲ್ಲದಿದ್ದರೂ ಬಂದುಬಿಟ್ಟಿದ್ದಳು. ದಾಸಯ್ಯ ಜೇಬಿನಿಂದ ತಂತಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

"ಬೋರಕ್ಕ, ಎಮ್ಮೆ ಕೊಂದಿದ್ದು ನೀರಾವಲ್ಲ. ನಾನು. ಫ್ಯೂಸಿಗೆ ಇದನ್ನ ಕಟ್ಟಿದ್ದೆ. ವೈರು ಸವೆದು ದೋಣಿಗೆ ಕರೆಂಟು ಬಂದಿತ್ತು. ಮಗೀದು ಏನೂ ತಪ್ಪಿಲ್ಲ."

ಹಾಲು ಅಳೆಯುವವನ ಕೈಯೂ ನಿಂತಿತು. ಚಿಕ್ಕಬೋರಮ್ಮ ಎದ್ದು ಹತ್ತಿರ ಬಂದು, ತಂತಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದಳು.

"ಅವತ್ತೇ ಗೊತ್ತಿತ್ತೇನ್ಲಾ ನಿಂಗೆ?"

"ಗೊತ್ತಿತ್ತು ಕಣಕ್ಕ."

"ನಾ ಮಗೀಗೆ ಹೊಡೀವಾಗ ನೀನು ಅಲ್ಲೇ ನಿಂತಿದ್ದೆ."

ಅವಳು ತಂತಿಯನ್ನು ಅವನ ಅಂಗೈಗೆ ವಾಪಸು ಇಟ್ಟಳು.

"ಎಮ್ಮೆ ಹೋಯ್ತು, ಹೋಗ್ಲಿ ಬುಡು. ಕೈ ತಪ್ಪು, ಆಯ್ತದೆ. ಆ ಮೂರು ದಿನಾನ ಎಲ್ಲಿಂದ ತಂದ್ಕೊಟ್ಟೀಯೆ ದಾಸಾ?" ಎಂದಳು. ಉತ್ತರಕ್ಕೆ ಕಾಯದೆ ಮನೆ ಕಡೆ ಓಡಿದಳು, ಮೊಮ್ಮಗಳನ್ನು ಕೂಗುತ್ತಾ. ಆ ವಯಸ್ಸಿನ ಹೆಂಗಸು ಓಡಿದ್ದನ್ನು ಕೊಪ್ಪಲಿನವರು ಅದೇ ಮೊದಲು ನೋಡಿದ್ದು.

ಮಾರನೇ ಬೆಳಿಗ್ಗೆ ದಾಸಯ್ಯ ತನ್ನ ಹಾಲು ಕರೆಯುವ ಎಮ್ಮೆಯನ್ನು ಕರುವಿನ ಸಮೇತ ಹೊಡೆದುಕೊಂಡು ಹೋಗಿ ಅವಳ ಬಾಗಿಲ ಗೂಟಕ್ಕೆ ಕಟ್ಟಿ ಬಂದ. ಅವಳು ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಮನೆಯಲ್ಲಿ ಕುಳ್ಳಮ್ಮ ಹಾಲಿಲ್ಲದ ಕರೀ ಟೀ ಕಾಸಿ ಕೊಟ್ಟಳು. ಸುದ್ದಿ ಕೇಳಿ ಸಾಹುಕಾರರು ಬಂದು ದೋಣಿಯ ಕೀಲಿ ಇಸಿದುಕೊಂಡರು. ತಿಂಗಳೊಳಗೆ ದೋಣಿಯೂ ಹೋಯಿತು.

ಆಮೇಲೆ ಯಾರ ಮನೆಗೆ ಕರೆದರೂ ದಾಸಯ್ಯ ಮೊದಲು ಫ್ಯೂಸು ಬಿಚ್ಚಿ ನೋಡುವನು. ದಪ್ಪ ತಂತಿ ಕಂಡರೆ ಕಿತ್ತು ಜೇಬಿಗೆ ಹಾಕಿಕೊಳ್ಳುವನು. ಮೊದಲಿನಂತೆ ಬೈಯುತ್ತಿರಲಿಲ್ಲ. ಬೈಯುವ ಬಾಯಿ ಎಲ್ಲಿತ್ತು? ಚಿಕ್ಕಬೋರಮ್ಮ ಸಾಯುವ ತನಕ ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮನೆಯ ದೀಪ ಹೋದರೆ ಬುಡ್ಡಿ ಹಚ್ಚಿಕೊಂಡು ಕೂರುತ್ತಿದ್ದಳು.

ಅವಳು ತೀರಿಕೊಂಡದ್ದು ತೊಂಬತ್ತೊಂಬತ್ತರಲ್ಲಿ. ತಿಥಿ ಮುಗಿದ ಮಾರನೇ ದಿನ ಹೈಸ್ಕೂಲಿನ ನೀಲಿ ಲಂಗ ತೊಟ್ಟ ಹುಡುಗಿ ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಪಿಂಗಾಣಿ ಫ್ಯೂಸು.

"ಮಾವ, ಮನೇಲಿ ದೀಪ ಹೋಯ್ತು. ತಂತಿ ಕಟ್ಕೊಡಿ."

ದಾಸಯ್ಯನಿಗೆ ತಂತಿಯ ತುದಿ ಸಿಕ್ಕಲಿಲ್ಲ, ಕಣ್ಣು ಮಂಜಾಗಿತ್ತು. ರಂಜಿತ ತಾನೇ ಸುರುಳಿಯಿಂದ ಒಂದೆಳೆ ಬಿಡಿಸಿ ಅವನ ಬೆರಳಿಗೆ ಕೊಟ್ಟಳು.

"ತೆಳ್ಳಂದೇ ಇರ್ಲಿ ಮಾವ. ಸುಟ್ಟೋದ್ರೆ ಮತ್ತೆ ಬತ್ತೀನಿ" ಎಂದಳು.