ಕಪ್ಪು ಪರದೆಗೆ ಟಾರ್ಚು ಹಿಡಿಯುವ ಡಲ್ಸಿ

ಬೆಳಗಿನ ಐದೂಕಾಲು. ಹೇಲ್ಸ್ ಆರ್ಮ್ ಬಂದರಿನ ಏಡಿ ಹಿಡಿಯುವ ಬೋಟೊಂದರಲ್ಲಿ ಡಲ್ಸಿ ಸ್ನೂಕ್ ಕಂಪ್ಯೂಟರಿನ ಮುಂದೆ ಮಂಡಿಯೂರಿದ್ದಾರೆ. ಗುಂಡಿ ಒತ್ತಿದರೆ ಅದು ಮೂರು ಸಲ ಬೀಪ್ ಎಂದು ಸುಮ್ಮನಾಗುತ್ತದೆ. ಪರದೆ ಕಪ್ಪು. ಬೋಟಿನ ಒಡೆಯ ಲಿಯಾಂಡರ್ ಹೈನ್ಸ್ ನಿಮಿಷಕ್ಕೊಮ್ಮೆ ಕಿಟಕಿಯಾಚೆ ನೋಡುತ್ತಾರೆ. ಈಶಾನ್ಯದ ಗಾಳಿ ತೇಲುವ ಮಂಜುಗಡ್ಡೆಯನ್ನು ತೀರದತ್ತ ತಳ್ಳುತ್ತಿದೆ. ಸಮುದ್ರದ ತಳದಲ್ಲಿ ಏಡಿಗಾಗಿ ಇಳಿಸಿದ ಅವರ ಇನ್ನೂರು ಬೋನುಗಳಿವೆ, ಐವತ್ತರಂತೆ ನಾಲ್ಕು ಸಾಲು. ಎಲ್ಲಿವೆ ಎಂಬುದು ಈ ಕಂಪ್ಯೂಟರಿನ ನಕ್ಷೆಯಲ್ಲಿ ಮಾತ್ರ ಇದೆ. ಮಧ್ಯಾಹ್ನದೊಳಗೆ ಎತ್ತದಿದ್ದರೆ ಬೋನುಗಳ ಗುರುತಿಗೆ ಕಟ್ಟಿದ ತೇಲುಗುಂಡುಗಳನ್ನು ಮಂಜುಗಡ್ಡೆ ಕಿತ್ತೊಯ್ಯುತ್ತದೆ. ಆಮೇಲೆ ಹುಡುಕುವುದು ದಂಡ.

"ನಿನ್ನೆ ಇದಕ್ಕೇನು ಮಾಡ್ದೆ?"

"ಏನೂ ಇಲ್ಲ, ಡಲ್ಸಿ ಚಿಕ್ಕಮ್ಮ."

"ಏನೂ ಮಾಡ್ದೆ ಮೂರು ಸಲ ಕೂಗಲ್ಲ ಮಗ. ನಿಜ ಹೇಳು."

"ಸ್ವಲ್ಪ ಗ್ರೀಸ್ ಹಚ್ಚಿದೆ. ಉಪ್ಪು ಹಿಡೀಬಾರ್ದು ಅಂತ."

ಇಲ್ಲಿನ ಬೋಟುಗಳಲ್ಲಿ ಪ್ರತಿ ಪ್ಲಗ್ಗಿಗೂ ಗ್ರೀಸ್ ಹಚ್ಚುವುದು ರೂಢಿ. ಲಿಯಾಂಡರ್ ಕಂಪ್ಯೂಟರಿನ ಮುಚ್ಚಳ ತೆಗೆದು ಮೆಮೊರಿ ಪಟ್ಟಿಯ ಲೋಹದ ಹಲ್ಲುಗಳಿಗೂ ಹಚ್ಚಿದ್ದಾರೆ.

"ಇಂಜಿನ್ ಗ್ರೀಸು! ಬ್ರೆಡ್ಡಿಗೆ ಬೆಣ್ಣೆ ಮೆತ್ತಿದ ಹಾಗೆ ಮೆತ್ತಿದೀಯಲ್ಲೋ!"

ಡಲ್ಸಿಗೆ ಅರವತ್ತೊಂದು. ಇಪ್ಪತ್ತಾರು ವರ್ಷ ಮೀನು ಕಾರ್ಖಾನೆಯಲ್ಲಿ ತಣ್ಣೀರಿನಲ್ಲಿ ಕೈಯಿಟ್ಟು ದುಡಿದವರು. ಬಲಗೈಯ ಎರಡು ಬೆರಳು ಈಗ ನೆಟ್ಟಗಾಗುವುದಿಲ್ಲ, ಸಣ್ಣ ತಿರುಪುಗಳನ್ನು ಚಿಮಟದಲ್ಲೇ ಹಿಡಿಯುತ್ತಾರೆ. ಕಾರ್ಖಾನೆಯ ಕಂಪ್ಯೂಟರ್ ಕೆಟ್ಟಾಗ ಪೇಟೆಯಿಂದ ಬರುತ್ತಿದ್ದ ರಿಪೇರಿಯವನ ಬೆನ್ನ ಹಿಂದೆ ನಿಂತು ಕಲಿತದ್ದು ಈ ಕೆಲಸ. "ಹೋಗಮ್ಮ ಅಂತ ಬಂದಾಗೆಲ್ಲ ಬಯ್ಯೋನು. ನಾನು ಹೋಗ್ಲಿಲ್ಲ," ಎನ್ನುತ್ತಾರೆ. ಕಾರ್ಖಾನೆ ಮುಚ್ಚಿತು. ಈಗ ಐದು ಬಂದರುಗಳ ನಲವತ್ತಮೂರು ಬೋಟುಗಳಿಗೆ ಇವರೊಬ್ಬರೇ ರಿಪೇರಿಯವರು. ಏಡಿ ಹಂಗಾಮಿನಲ್ಲಿ ದಿನಕ್ಕೆ ಆರು ಕರೆ.

ಸ್ಪಿರಿಟ್ಟಿನಲ್ಲಿ ಗ್ರೀಸ್ ಒರೆಸಿ, ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಪಟ್ಟಿಯನ್ನು ಮತ್ತೆ ಕೂರಿಸುತ್ತಾರೆ. ಗುಂಡಿ ಒತ್ತಿದರೆ ಈಗ ಒಂದೇ ಬೀಪ್. ಆದರೂ ಪರದೆ ಕಪ್ಪು.

"ಮುಗೀತು," ಎನ್ನುತ್ತಾರೆ ಲಿಯಾಂಡರ್.

"ಬಾಯ್ಮುಚ್ಚು." ಡಲ್ಸಿ ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿಯುತ್ತಾರೆ. ಕಪ್ಪಿನೊಳಗೆ ನಕ್ಷೆಯ ಗೆರೆಗಳು ಮಸುಕಾಗಿ ಕಾಣುತ್ತವೆ. "ನಕ್ಷೆ ಬಂದಿದೆ. ಪರದೆ ಹಿಂದಿನ ದೀಪ ಸತ್ತಿದೆ, ಅಷ್ಟೆ."

ಬದಲಿ ಪರದೆ ಇವರ ಬಳಿ ಇದ್ದದ್ದು ಒಂದೇ. ಅದನ್ನು ನಿನ್ನೆ ಇನ್ನೊಂದು ಬೋಟಿಗೆ ಕೊಟ್ಟಾಗಿದೆ. ಅಂಗಡಿ ಮೂರು ಗಂಟೆ ದಾರಿ. ಕಾಯಲು ಸಮಯವಿಲ್ಲ. ಪ್ರತಿ ಸಾಲು ಎಲ್ಲಿದೆ ಎಂದು ತೋರಿಸುವ ಅಂಕಿಗಳನ್ನು ಡಲ್ಸಿ ಒಂದೊಂದಾಗಿ ಓದುತ್ತಾರೆ, ಲಿಯಾಂಡರ್ ರಟ್ಟಿನ ಮೇಲೆ ಬರೆದುಕೊಳ್ಳುತ್ತಾರೆ. ಮೂರನೇ ಸಾಲಿನ ಅಂಕಿಗೆ ಬಂದಾಗ ಡಲ್ಸಿ ನಿಲ್ಲುತ್ತಾರೆ.

"ಮೂರೋ ಎಂಟೋ ಗೊತ್ತಾಗ್ತಿಲ್ಲ."

"ಎರಡ್ರಲ್ಲಿ ಯಾವ್ದೋ ಒಂದು ಬರ್ಕೋತೀನಿ ಬಿಡು."

"ತಪ್ಪಾದ್ರೆ ಐದು ಮೈಲಿ ಆಚೆ ಹೋಗಿ ಹುಡುಕ್ತೀಯಾ? ತಾಳು."

ಟಾರ್ಚನ್ನು ಎಡಕ್ಕೆ, ಬಲಕ್ಕೆ, ಕೆಳಗಿನಿಂದ ಹಿಡಿದು ನೋಡುತ್ತಾರೆ. ನಾಲ್ಕು ನಿಮಿಷ. "ಎಂಟು," ಎನ್ನುತ್ತಾರೆ.

ಬೋಟು ಹೊರಟ ಮೇಲೂ ಡಲ್ಸಿ ಮನೆಗೆ ಹೋಗುವುದಿಲ್ಲ. ದಡದಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಬೋಟಿನವರ ಮಾತು ಕೇಳುವ ರೇಡಿಯೋ ಹಚ್ಚಿಕೊಂಡು ಕೂತಿದ್ದಾರೆ. ಚಹಾ ಆರಿದೆ. ಎಂಟೂವರೆಗೆ ಮೊದಲ ಸಾಲು ಸಿಕ್ಕಿತೆಂದು ಸುದ್ದಿ, ಒಂಬತ್ತೂಕಾಲಿಗೆ ಎರಡನೆಯದು. ಆಮೇಲೆ ಒಂದೂವರೆ ಗಂಟೆ ರೇಡಿಯೋದಲ್ಲಿ ಬರೀ ಗರಗರ ಸದ್ದು. ಕೊನೆಗೆ ಲಿಯಾಂಡರ್ ದನಿ ಕೇಳುತ್ತದೆ.

"ಮೂರನೇದು ಸಿಕ್ತು, ಚಿಕ್ಕಮ್ಮ. ಮಂಜುಗಡ್ಡೆ ಪಕ್ಕದಲ್ಲೇ ಇತ್ತು. ನಾಲ್ಕನೇದಕ್ಕೆ ಹೊರಟ್ವಿ."

ಡಲ್ಸಿ ಕಣ್ಣು ಮುಚ್ಚಿ ತೆರೆಯುತ್ತಾರೆ. ಗಾಡಿ ಚಾಲೂ ಮಾಡುತ್ತಾರೆ.

"ಬದಲಿ ಪರದೆ ಎರಡು ಇಟ್ಕೋಬೇಕು ನಾನು," ಎನ್ನುತ್ತಾರೆ. "ಹಳೇದಾದ್ರೂ ಪರವಾಗಿಲ್ಲ."